ಮೀನಿನ ಬಾಯಿ ಎಷ್ಟು ದೊಡ್ಡದು?

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುತ್ತಾ, 'ಮೀನಿನ ತೊಟ್ಟಿಯಲ್ಲಿ ಪಾಚಿ ಜಾಸ್ತಿ ಆಗಿದ್ದರೆ ನಾಲ್ಕು ಸಿಗಡಿ ಬಿಟ್ಟು ನೋಡಿ' ಅಂತ ಒಂದು ಸಾಲು ಸೇರಿಸಿದ್ದೆ. ಆ ಸಾಲು ನನ್ನ ತಲೆ ಮೇಲೇ ಬಂದು ಬಿತ್ತು. ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಿಗಡಿಯವೇ. ಕೆಲವರು ಪ್ರೀತಿಯಿಂದ ಕೇಳಿದ್ದಾರೆ, ಕೆಲವರು ಪ್ರೀತಿಯಿಂದಲೇ ಬೈದಿದ್ದಾರೆ. ಸರಿ, ಈ ಸಂಚಿಕೆ ಪೂರ್ತಿ ಸಿಗಡಿಗೆ. ಗಿಡ, ದೀಪದ ಬಗ್ಗೆ ಕೇಳಿದವರು ಒಂದು ತಿಂಗಳು ಸುಧಾರಿಸಿಕೊಳ್ಳಿ.

*ಮೇಡಂ, ನನ್ನ ತೊಟ್ಟಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಎಂಟು ನಿಯಾನ್ ಟೆಟ್ರಾ, ಐದು ಗಪ್ಪಿ, ಒಂದು ಬೆಟ್ಟಾ (ಫೈಟರ್ ಮೀನು) ಇವೆ. ನೀವು ಬರೆದದ್ದು ಓದಿ ಹತ್ತು ಕೆಂಪು ಚೆರ್ರಿ ಸಿಗಡಿ ಬಿಟ್ಟೆ. ಮೊದಲ ಸಂಜೆ ಕಂಡವು, ಆಮೇಲೆ ಮಂಗಮಾಯ. ಹತ್ತನೇ ದಿನ ಹುಡುಕಿದರೆ ಎರಡೇ ಸಿಕ್ಕವು. ಮೀನು ತಿಂದವಾ? ಮಾರಿದವರು 'ಒಟ್ಟಿಗೆ ಆರಾಮಾಗಿ ಇರುತ್ತವೆ' ಅಂದಿದ್ದರು.*

ಮೊದಲು ಇನ್ನೊಂದು ಸಲ ಎಣಿಸಿ. ಹಗಲಲ್ಲಿ ಅಲ್ಲ. ರಾತ್ರಿ ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು, ಸಣ್ಣ ಟಾರ್ಚ್ ಹಿಡಿದು ಹೋಗಿ. ಗಿಡದ ಬುಡ, ಕಲ್ಲಿನ ಸಂದಿ, ಫಿಲ್ಟರ್ ಹಿಂಭಾಗ ಎಲ್ಲ ನೋಡಿ. ಫಿಲ್ಟರ್ ಬಿಚ್ಚಿ ಅದರ ಒಳಗೂ ನೋಡಿ. ನೀರು ಎಳೆಯುವ ಕೊಳವೆಯ ಬಾಯಿಗೆ ಸ್ಪಾಂಜ್ ಹಾಕದಿದ್ದರೆ ಸಿಗಡಿ ಒಳಗೆ ಸೇರಿಕೊಂಡು ಅಲ್ಲೇ ಸಂಸಾರ ಹೂಡುವುದೂ ಉಂಟು. ಹೊಸ ಜಾಗದಲ್ಲಿ ಮೀನುಗಳ ನಡುವೆ ಬಿಟ್ಟ ಸಿಗಡಿ ವಾರಗಟ್ಟಲೆ ಅಡಗಿ ಕೂರುತ್ತದೆ. ಎರಡು ಕಂಡಿವೆ ಅಂದರೆ ಐದಾರು ಇರಬಹುದು.

ಆದರೆ ಹತ್ತೂ ಇವೆ ಅಂತ ಸುಳ್ಳು ಸಮಾಧಾನ ಹೇಳಲಾರೆ. ನಿಮ್ಮ ತೊಟ್ಟಿಯಲ್ಲಿ ಬೆಟ್ಟಾ ಇದೆ.

ಸಿಗಡಿಯ ಜೊತೆ ಯಾವ ಮೀನು ಇಡಬಹುದು ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಇಷ್ಟೇ: ಮೀನಿನ ಸ್ವಭಾವ ಕೇಳಬೇಡಿ, ಬಾಯಿ ನೋಡಿ. 'ಶಾಂತ ಸ್ವಭಾವದ ಮೀನು' ಅಂದರೆ ಬೇರೆ ಮೀನಿನ ತಂಟೆಗೆ ಹೋಗುವುದಿಲ್ಲ ಅಂತ ಅರ್ಥ. ಸಿಗಡಿಯ ತಂಟೆಗೆ ಹೋಗುವುದಿಲ್ಲ ಅಂತ ಅಲ್ಲ. ಬಾಯಿಗೆ ಹಿಡಿಸುವ ಸಿಗಡಿ ಯಾವ ಮೀನಿಗಾದರೂ ಊಟವೇ. ಚೆರ್ರಿ ಸಿಗಡಿಯ ಹೆಣ್ಣು ಬೆಳೆದರೆ ಎರಡೂವರೆಯಿಂದ ಮೂರು ಸೆಂಟಿಮೀಟರ್, ಗಂಡು ಅದಕ್ಕಿಂತ ಚಿಕ್ಕದು. ಆಗಷ್ಟೇ ಹುಟ್ಟಿದ ಮರಿ ಸುಮಾರು 2 ಮಿಲಿಮೀಟರ್. ಬೆಳೆದ ಹೆಣ್ಣನ್ನು ನಿಯಾನ್ ಟೆಟ್ರಾ ಮುಟ್ಟುವುದಿಲ್ಲ. ಮರಿ ಕಂಡರೆ ಬಿಡುವುದಿಲ್ಲ. ಗಪ್ಪಿಯೂ ಅಷ್ಟೇ, ತನ್ನ ಮರಿಯನ್ನೇ ತಿನ್ನುವ ಮೀನು ಅದು!

ಬೆಟ್ಟಾದ ಕಥೆ ಬೇರೆ. ಒಂದೊಂದು ಬೆಟ್ಟಾ ಒಂದೊಂದು ಥರ. ನನ್ನ ಹತ್ತಿರ ಒಂದು ನೀಲಿ ಬೆಟ್ಟಾ ಇತ್ತು. ಎರಡು ತಿಂಗಳು ಹದಿನೈದು ಸಿಗಡಿಗಳ ನಡುವೆ ಸಾಧುವಿನ ಹಾಗೆ ಓಡಾಡಿಕೊಂಡಿತ್ತು. ನಾನೂ ಎಲ್ಲರ ಮುಂದೆ ಅದನ್ನು ಹೊಗಳಿದ್ದೇ ಹೊಗಳಿದ್ದು. ಒಂದು ಸಂಜೆ ತೊಟ್ಟಿ ಮುಂದೆ ಕೂತಿದ್ದೆ. ಪೊರೆ ಬಿಟ್ಟು ಇನ್ನೂ ಮೆತ್ತಗಿದ್ದ ಒಂದು ಸಿಗಡಿ ಎಲೆ ಮೇಲೆ ಸುಮ್ನೆ ಕೂತಿತ್ತು. ಬೆಟ್ಟಾ ಬಂದು ಎದುರಿಗೆ ನಿಂತಿತು. ತಲೆ ಓರೆ ಮಾಡಿ ಒಂದು ಕಣ್ಣಲ್ಲಿ ನೋಡಿತು. ಮೀಸೆಯನ್ನು ಒಂದು ಸಲ ಕುಕ್ಕಿತು. ಸಿಗಡಿ ಹಿಂದಕ್ಕೆ ಚಿಮ್ಮಿತು, ಬೆಟ್ಟಾ ಹಿಂದೆಯೇ ನುಗ್ಗಿತು. ಅಷ್ಟೇ. ಅವತ್ತು ಅದಕ್ಕೆ ರುಚಿ ಗೊತ್ತಾಯಿತು. ಮುಂದಿನ ಮೂರು ವಾರದಲ್ಲಿ ಹದಿನೈದು ಹೋಗಿ ನಾಲ್ಕಾದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಅದು ಆ ತೊಟ್ಟಿಯಲ್ಲಿ ದಿನಾ ನಡೆಯುತ್ತಿತ್ತು.

ಅದಕ್ಕೇ ನಿಮಗೆ ಮೊದಲ ಕೆಲಸ, ಬೆಟ್ಟಾಗೆ ಬೇರೆ ಮನೆ ಮಾಡುವುದು. ನಿಯಾನ್, ಗಪ್ಪಿ ಇರಲಿ. ಆದರೆ ಅಡಗಲು ಜಾಗ ಬೇಕು. ಎಳೆ ಎಳೆಯಾಗಿ ಬೆಳೆಯುವ ಜಾವಾ ಮಾಸ್ ಅನ್ನುವ ನೀರುಗಿಡ ಒಂದು ಹಿಡಿ ತಂದು ಮೂಲೆಯಲ್ಲಿ ಹಾಕಿ. ಕಲ್ಲಿಗೆ ಕಟ್ಟಿದರೂ ಸರಿ, ಹಾಗೇ ಬಿಟ್ಟರೂ ಸರಿ. ಮೀನು ಆ ಗೋಜಲಿನೊಳಗೆ ನುಗ್ಗಲಾರದು, ಮರಿ ನುಸುಳುತ್ತದೆ. ಜೊತೆಗೆ ಅದರ ಎಳೆಗಳ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ತೆಳು ಪದರ ಬೆಳೆಯುತ್ತದೆ. ಮರಿಗಳ ಊಟ ಅದೇ. ಮನೆಯೂ ಅದೇ, ಅಡುಗೆಮನೆಯೂ ಅದೇ. ಪ್ಲಾಸ್ಟಿಕ್ ಗುಹೆ, ಬಣ್ಣದ ಕೋಟೆ ಎಲ್ಲ ನಮ್ಮ ಕಣ್ಣಿಗೆ ಮಾತ್ರ. ಹತ್ತು ಕೋಟೆಗಿಂತ ಒಂದು ಹಿಡಿ ಮಾಸ್ ಮೇಲು.

ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಮೊದಲು ಸಿಗಡಿ ಬಿಡಿ. ಎರಡು ಮೂರು ತಿಂಗಳು ಅವು ಮರಿ ಹಾಕಿ ಹೆಚ್ಚಲಿ. ಆಮೇಲೆ ಮೀನು. ಆಗ ಹತ್ತು ಮರಿ ಹೋದರೂ ಸಂಸಾರ ನಿಲ್ಲುತ್ತದೆ. ಮೀನುಗಳಲ್ಲಿ ನನಗೆ ಪೂರ್ತಿ ನಂಬಿಕೆ ಇರುವುದು ಆಟೋಸಿಂಕ್ಲಸ್ ಮೇಲೆ ಮಾತ್ರ. ಗಾಜಿಗೆ ಅಂಟಿಕೊಂಡು ಪಾಚಿ ಕೆರೆಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಚಿಲ್ಲಿ ರಾಸ್ಬೋರಾ, ಎಂಬರ್ ಟೆಟ್ರಾ, ಪಿಗ್ಮಿ ಕೋರಿಡೋರಸ್, ಇವು ಪುಟ್ಟ ಬಾಯಿಯವು. ಒಂದೆರಡು ಮರಿ ತಿಂದರೂ ದೊಡ್ಡವನ್ನು ಬಿಡುತ್ತವೆ. ಏಂಜಲ್, ಗೋಲ್ಡ್ ಫಿಶ್, ಗೌರಾಮಿ, ಬಾರ್ಬ್, ಲೋಚ್, ಸಿಕ್ಲಿಡ್ ಇರುವ ತೊಟ್ಟಿಗೆ ಸಿಗಡಿ ಬಿಡುವುದು ಅಂದರೆ ಮೀನಿಗೆ ದುಬಾರಿ ತಿಂಡಿ ಹಾಕಿದ ಹಾಗೆ.

ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ತೊಟ್ಟಿ ಯಾರದ್ದು? ಮೀನಿನದ್ದಾ, ಸಿಗಡಿಯದ್ದಾ? ಸಿಗಡಿಯ ತೊಟ್ಟಿಗೆ ಮೀನು ಅತಿಥಿಯಾಗಿ ಬಂದರೆ ನಡೆಯುತ್ತದೆ. ಮೀನಿನ ತೊಟ್ಟಿಗೆ ಸಿಗಡಿ ಅತಿಥಿಯಾಗಿ ಹೋದರೆ ಏನಾಗುತ್ತದೆ ಅಂತ ನೀವೇ ಬರೆದಿದ್ದೀರಿ.

*ಆಂಟಿ, ನಾನು ಆರನೇ ಕ್ಲಾಸು. ನನ್ನ ಹತ್ತಿರ ಆರು ಸಿಗಡಿ ಇವೆ. ಬೆಳಿಗ್ಗೆ ಒಂದು ಸತ್ತು ಬಿದ್ದಿತ್ತು, ಬಣ್ಣ ಎಲ್ಲ ಹೋಗಿ ಬೆಳ್ಳಗೆ ಆಗಿತ್ತು. ನಾನು ತುಂಬಾ ಅತ್ತೆ. ಆಮೇಲೆ ಎಣಿಸಿದರೆ ಆರೂ ಇವೆ. ಏಳನೆಯದು ಎಲ್ಲಿಂದ ಬಂತು?*

ಅಳಬೇಡ ಪುಟ್ಟಾ. ಯಾರೂ ಸತ್ತಿಲ್ಲ. ಅದು ಬಟ್ಟೆ ಬದಲಾಯಿಸಿದೆ, ಅಷ್ಟೇ.

ನಮ್ಮ ಎಲುಬು ಮೈ ಒಳಗಿದೆ. ಸಿಗಡಿಗೆ ಗಟ್ಟಿ ಚಿಪ್ಪು ಮೈ ಹೊರಗಿದೆ. ಒಳಗಿನ ಮೈ ಬೆಳೆದ ಹಾಗೆ ಚಿಪ್ಪು ಬಿಗಿಯಾಗುತ್ತದೆ. ಕಳೆದ ವರ್ಷದ ಶೂ ಈ ವರ್ಷ ನಿನಗೆ ಆಗುವುದಿಲ್ಲ ಅಲ್ವಾ, ಹಾಗೆ. ಆಗ ಅದು ಹಳೆಯ ಚಿಪ್ಪನ್ನು ಕಳಚುತ್ತದೆ. ಹಾವು ಪೊರೆ ಬಿಡುತ್ತದಲ್ಲ, ಅದೇ. ಮರಿಗಳು ವಾರಕ್ಕೊಂದು ಸಲ ಬಿಡಬಹುದು, ದೊಡ್ಡವು ಮೂರು ನಾಲ್ಕು ವಾರಕ್ಕೊಮ್ಮೆ.

ನಾನು ಎಷ್ಟೋ ಸಲ ಕಾದು ಕೂತು ನೋಡಿದ್ದೇನೆ. ಸಿಗಡಿ ಒಂದು ಕಡೆ ನಿಂತು ಸ್ವಲ್ಪ ಹೊತ್ತು ಏನೂ ತಿನ್ನುವುದಿಲ್ಲ. ಬೆನ್ನು ಬಾಗಿಸುತ್ತದೆ. ತಲೆಯ ಚಿಪ್ಪು ಮತ್ತು ಹೊಟ್ಟೆಯ ಚಿಪ್ಪು ಸೇರುವ ಕಡೆ, ಬೆನ್ನಿನ ಮೇಲೆ ಒಂದು ಬಿರುಕು ಬಿಡುತ್ತದೆ. ಆಮೇಲೆ ಒಂದು ಜೋರು ಝಾಡಿಕೆ, ಚಿಮ್ಮಿ ಹೊರಗೆ! ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಉಳಿದ ಪೊರೆಯನ್ನು ಲೆನ್ಸ್ ಹಿಡಿದು ನೋಡು. ಕಾಲು, ಮೀಸೆ, ಕಣ್ಣಿನ ಮೇಲಿನ ಪೊರೆ ಕೂಡ ಹಾಗೇ ಇರುತ್ತದೆ. ಒಳಗೆ ಮಾತ್ರ ಖಾಲಿ.

ಸತ್ತ ಸಿಗಡಿ ಹಾಗಿರುವುದಿಲ್ಲ. ಅದರ ಮೈ ಒಳಗೆಲ್ಲ ತುಂಬಿಕೊಂಡು, ಬೇಯಿಸಿದ ಹಾಗೆ ಮಬ್ಬು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಥದ್ದು ಕಂಡರೆ ತಕ್ಷಣ ತೆಗೆಯಬೇಕು. ಪೊರೆಯನ್ನು ಮಾತ್ರ ತೆಗೆಯಬೇಡ. ಅದರಲ್ಲಿ ಕ್ಯಾಲ್ಸಿಯಂ ಇದೆ, ಸಿಗಡಿಗಳೇ ಮೆಲ್ಲಗೆ ತಿಂದುಕೊಳ್ಳುತ್ತವೆ. ಪೊರೆ ಬಿಟ್ಟದ್ದು ಒಂದೆರಡು ದಿನ ಮೆತ್ತಗಿರುತ್ತದೆ, ಅಡಗಿ ಕೂತಿರುತ್ತದೆ. ಅದನ್ನು ಹುಡುಕಲು ಹೋಗಿ ಗಿಡ ಎಲ್ಲ ಕೆದಕಬೇಡ, ಆಯ್ತಾ?

ಇನ್ನೊಂದು ಗುಟ್ಟು. ದೊಡ್ಡ ಹೆಣ್ಣು ಸಿಗಡಿಯ ಬೆನ್ನ ಮೇಲೆ, ತಲೆಯ ಹಿಂದೆ, ಹಳದಿ ಮಚ್ಚೆ ಕಾಣಿಸಿದರೆ ಅದು ಒಳಗೆ ತಯಾರಾಗುತ್ತಿರುವ ಮೊಟ್ಟೆ. ಪೊರೆ ಬಿಟ್ಟ ಮೇಲೆ ಆ ಮೊಟ್ಟೆಗಳು ಹೊಟ್ಟೆಯ ಕೆಳಗೆ ಬರುತ್ತವೆ, ಇಪ್ಪತ್ತು ಮೂವತ್ತು ಇರಬಹುದು. ತಾಯಿ ಹೊಟ್ಟೆಯಡಿಯ ಪುಟ್ಟ ಕಾಲುಗಳಿಂದ ಅವಕ್ಕೆ ಗಾಳಿ ಬೀಸಿದ ಹಾಗೆ ನೀರು ಬೀಸುತ್ತಲೇ ಇರುತ್ತದೆ. ಮೂರು ನಾಲ್ಕು ವಾರ ಆಗುವಾಗ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕಿ ಕಾಣುತ್ತವೆ. ಅದು ಮರಿಯ ಕಣ್ಣು! ಕಂಡ ದಿನ ನನಗೆ ಬರೆ.

*ಮೀನುಗಳಿಗೆ ಬಿಳಿ ಚುಕ್ಕಿ ರೋಗ ಬಂತು. ಔಷಧಿ ಹಾಕಿದೆ. ಮೀನು ಚೇತರಿಸಿಕೊಂಡವು, ಬೆಳಿಗ್ಗೆ ನೋಡಿದರೆ ಸಿಗಡಿ ಒಂದೂ ಉಳಿದಿಲ್ಲ. ಮೀನಿಗೆ ಆಗದ ವಿಷ ಸಿಗಡಿಗೆ ಹೇಗೆ ಆಯಿತು?*

ನಿಮ್ಮ ನೋವು ನನಗೆ ಗೊತ್ತು. ನಾನೂ ಇದೇ ತಪ್ಪು ಮಾಡಿದವಳು. ಸೀಸೆಯ ಮೇಲಿನ ದೊಡ್ಡ ಅಕ್ಷರ ಓದಿದೆ, ಹಿಂದಿನ ಸಣ್ಣ ಅಕ್ಷರ ಓದಲಿಲ್ಲ. ಸುಮಾರು ಎಪ್ಪತ್ತು ಸಿಗಡಿ. ರಾತ್ರಿ ಅವು ಮೇಲಕ್ಕೂ ಕೆಳಕ್ಕೂ ಹುಚ್ಚು ಹಿಡಿದ ಹಾಗೆ ಈಜುತ್ತಿದ್ದವು. 'ಖುಷಿಯಾಗಿವೆ' ಅಂದುಕೊಂಡು ಹೋಗಿ ಮಲಗಿದೆ. ಆ ಮಾತು ಈಗಲೂ ಚುಚ್ಚುತ್ತದೆ.

ಕಾರಣ ಸಾಮಾನ್ಯವಾಗಿ ತಾಮ್ರ. ಬಿಳಿ ಚುಕ್ಕಿಗೆ, ಬಸವನಹುಳು ಕೊಲ್ಲುವುದಕ್ಕೆ ಬರುವ ಹಲವು ಔಷಧಿಗಳಲ್ಲಿ ತಾಮ್ರದ ಸಲ್ಫೇಟ್ ಇರುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರ ಸಿಗಡಿಗೆ ಸಾವು. ತಮಾಷೆ ಅಂದರೆ ಸಿಗಡಿಯ ರಕ್ತದಲ್ಲೇ ತಾಮ್ರ ಇದೆ. ನಮ್ಮ ರಕ್ತ ಕಬ್ಬಿಣದ ಸಹಾಯದಿಂದ ಆಮ್ಲಜನಕ ಹೊತ್ತರೆ ಅವುಗಳದ್ದು ತಾಮ್ರದ ಸಹಾಯದಿಂದ ಹೊರುತ್ತದೆ. ಆದರೂ ನೀರಿನಲ್ಲಿ ಕರಗಿದ ತಾಮ್ರ ಸ್ವಲ್ಪ ಹೆಚ್ಚಾದರೆ ತಡೆಯುವುದಿಲ್ಲ. ಹಾಗಂತ ಮೀನಿನ ಆಹಾರದ ಡಬ್ಬಿ ಮೇಲೆ ತಾಮ್ರದ ಹೆಸರು ಕಂಡು ಗಾಬರಿಯಾಗಬೇಡಿ. ಅಲ್ಲಿ ಇರುವುದು ಲೇಶ ಮಾತ್ರ, ಅದರಿಂದ ಏನೂ ಆಗುವುದಿಲ್ಲ. ಹೆದರಬೇಕಾದ್ದು ಔಷಧಿಗೆ.

ಇನ್ನು ಮುಂದೆ ಕಾಯಿಲೆ ಬಿದ್ದ ಮೀನನ್ನು ಬೇರೆ ಪಾತ್ರೆಗೆ ಹಾಕಿ ಅಲ್ಲಿ ಔಷಧಿ ಕೊಡಿ. ಒಂದು ಬಕೆಟ್, ಗಾಳಿಗುಳ್ಳೆ ಬಿಡಲು ಒಂದು ಏರ್ ಸ್ಟೋನ್ ಸಾಕು. ಈಗಿನ ತೊಟ್ಟಿಯ ನೀರನ್ನು ಹಲವು ಸಲ ಬದಲಾಯಿಸಿ, ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ಕೆಲವು ವಾರ ಓಡಿಸಿ. ತಾಮ್ರ ಅಳೆಯುವ ಕಿಟ್ ಸಿಕ್ಕರೆ ಅಳೆದು ನೋಡಿ. ಆಮೇಲೂ ಒಂದೇ ಸಲ ಇಪ್ಪತ್ತು ತರಬೇಡಿ. ಎರಡು ಬಿಟ್ಟು ವಾರ ಕಾಯಿರಿ.

ಇದೇ ಸಾಲಿಗೆ ಇನ್ನೆರಡು ಶತ್ರುಗಳು. ಒಂದು, ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇ. ಸಿಗಡಿ ಕೀಟಗಳಿಗೆ ದೂರದ ನೆಂಟ. ಕೀಟ ಕೊಲ್ಲುವುದು ಅದನ್ನೂ ಕೊಲ್ಲುತ್ತದೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ ಅನ್ನುವುದು ನೆನಪಿರಲಿ. ನಮ್ಮ ಮನೆಯವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿ, ಕೊನೆಗೆ ಸ್ಪ್ರೇ ಡಬ್ಬಿಯನ್ನೇ ಬಚ್ಚಿಟ್ಟೆ. ಇನ್ನೊಂದು, ಹೊಸ ಗಿಡ. ಬೆಳೆಸುವ ಕಡೆ ಕೀಟನಾಶಕ ಹೊಡೆದಿರಬಹುದು. ತಂದ ಗಿಡವನ್ನು ಒಂದೆರಡು ವಾರ ಬೇರೆ ಬಕೆಟ್‌ನಲ್ಲಿಟ್ಟು, ನಡುನಡುವೆ ನೀರು ಬದಲಾಯಿಸಿ, ಆಮೇಲೆ ತೊಟ್ಟಿಗೆ ಹಾಕಿ.

*ತೊಟ್ಟಿ ಇಟ್ಟು ಒಂದು ವಾರ ಆಯಿತು. ನೀರು ಸ್ಫಟಿಕದ ಹಾಗಿದೆ. ಸಿಗಡಿ ಬಿಡಬಹುದಾ?*

ಬೇಡ. ನೀರು ಕಣ್ಣಿಗೆ ಚೊಕ್ಕಟ ಕಂಡರೆ ಸಾಲದು. ಹೊಲಸಿನಿಂದ ಬರುವ ಅಮೋನಿಯಾ ವಿಷ; ಅದನ್ನು ನೈಟ್ರೈಟ್ ಆಗಿಯೂ, ವಿಷವೇ ಆದ ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಚಿಟಿಕೆ ಮೀನಿನ ಆಹಾರ ಹಾಕುತ್ತಾ ಖಾಲಿ ತೊಟ್ಟಿಯನ್ನೇ ಓಡಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ಗಾಜಿನ ಮೇಲೆ ಸ್ವಲ್ಪ ಪಾಚಿ ಹತ್ತಿದಾಗ ಸಿಗಡಿ ತನ್ನಿ. ಆ ಪಾಚಿ ಉಜ್ಜಬೇಡಿ, ಅದು ಅವುಗಳಿಗೆ ಬಡಿಸಿಟ್ಟ ಊಟ.

*ಪ್ರತಿ ಭಾನುವಾರ ಅರ್ಧ ತೊಟ್ಟಿ ನೀರು ಬದಲಾಯಿಸುತ್ತೇನೆ, ಅಷ್ಟು ಶುಚಿ. ಕುಡಿಯುವ ಆರ್‌ಓ ನೀರನ್ನೇ ಹಾಕುತ್ತೇನೆ. ಆದರೂ ಸೋಮವಾರ, ಮಂಗಳವಾರ ಒಂದೆರಡು ಸಿಗಡಿ ಸಾಯುತ್ತವೆ. ಕುತ್ತಿಗೆ ಹತ್ತಿರ ಬಿಳಿ ಉಂಗುರ ಕಾಣುತ್ತದೆ. ಏನು ರೋಗ ಇದು?*

ರೋಗ ಅಲ್ಲ ಸರ್, ಭಾನುವಾರ.

ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಸಲ ಅರ್ಧ ನೀರು ಬದಲಾದರೆ ನೀರಿನ ಗುಣ ಪೂರ್ತಿ ಬದಲಾಗುತ್ತದೆ. ಆ ಪೆಟ್ಟಿಗೆ ಸಿಗಡಿ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಹೊರಡುತ್ತದೆ. ಹೊಸ ಚಿಪ್ಪು ಒಳಗೆ ತಯಾರಾಗಿರುವುದಿಲ್ಲ. ಹಳೆಯ ಚಿಪ್ಪು ಬೆನ್ನ ಮೇಲೆ ಮಾತ್ರ ಬಿರಿಯುವ ಬದಲು ಸುತ್ತಲೂ ಬಿರಿದು ಉಂಗುರದ ಹಾಗೆ ಕಾಣುತ್ತದೆ. ಚಿಮ್ಮಿ ಹೊರಬರಲು ಹಿಡಿತ ಸಿಗದೆ ಒಳಗೇ ಸಿಕ್ಕಿಕೊಂಡು ಸಾಯುತ್ತದೆ.

ಆರ್‌ಓ ನೀರು ಇನ್ನೊಂದು ಕಾರಣ. ಅದರಲ್ಲಿ ಖನಿಜವೇ ಇಲ್ಲ ಅನ್ನುವಷ್ಟು ಕಡಿಮೆ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಚೆರ್ರಿ ಸಿಗಡಿಗೆ ಜಿಎಚ್ (ನೀರಿನ ಗಡಸುತನದ ಅಳತೆ) 6ರಿಂದ 8, ಪಿಎಚ್ 6.5ರಿಂದ 7.8, ಉಷ್ಣತೆ 20ರಿಂದ 26 ಡಿಗ್ರಿ ಹಿತ. ಸುಮಾರು ಗಡಸಾದ ನಲ್ಲಿ ನೀರೇ ಇವಕ್ಕೆ ಸಾಕು, ಕ್ಲೋರಿನ್ ತೆಗೆದಿದ್ದರೆ. ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗಬಹುದು, ಕೆಲವು ಕಡೆ ಕ್ಲೋರಿನ್ ಬದಲು ಹಾಕುವ ಕ್ಲೋರಮಿನ್ ಹಾರುವುದಿಲ್ಲ. ಅದಕ್ಕೆ ಡಿಕ್ಲೋರಿನೇಟರ್ ಹನಿ ಹಾಕುವುದೇ ಕ್ಷೇಮ. ಆರ್‌ಓ ನೀರೇ ಬೇಕು ಅಂದರೆ ಸಿಗಡಿಗೆ ಅಂತ ಬರುವ ಖನಿಜದ ಪುಡಿ ಬೆರೆಸಿ.

ಬದಲಾಯಿಸುವುದು ಹತ್ತರಲ್ಲಿ ಒಂದು ಪಾಲು ಮಾತ್ರ, ಅದೂ ನಿಧಾನವಾಗಿ. ನಾನು ಏರ್ ಪಂಪಿನ ತೆಳು ಪೈಪಿಗೆ ಒಂದು ಗಂಟು ಹಾಕಿ, ಮೇಲೆ ಇಟ್ಟ ಬಕೆಟ್‌ನಿಂದ ತೊಟ್ಟಿಗೆ ಹನಿ ಹನಿಯಾಗಿ ಬಿಡುತ್ತೇನೆ. ಗಂಟು ಬಿಗಿ ಮಾಡಿದಷ್ಟೂ ಹನಿ ನಿಧಾನ. ಹೊಸ ಸಿಗಡಿ ತಂದಾಗಲೂ ಇದೇ ಉಪಾಯ: ಅವನ್ನು ಒಂದು ಡಬ್ಬಿಗೆ ಹಾಕಿ, ತೊಟ್ಟಿಯ ನೀರನ್ನು ಸೆಕೆಂಡಿಗೆ ಒಂದೆರಡು ಹನಿಯಂತೆ ಒಂದೆರಡು ಗಂಟೆ ಬಿಡಿ. ಈಗ ಭಾನುವಾರದ ಹಠ ಬಿಟ್ಟು ಎರಡು ತಿಂಗಳು ನೋಡಿ.

ಆದರೆ ಆವಿಯಾದ ನೀರನ್ನು ತುಂಬುವಾಗ ಮಾತ್ರ ನಿಮ್ಮ ಆರ್‌ಓ ನೀರೇ ಸರಿ. ನೀರು ಹಾರಿದರೂ ಖನಿಜ ಉಳಿದಿರುತ್ತದೆ, ಮತ್ತೆ ಗಡಸು ನೀರು ಹಾಕಿದರೆ ಏರುತ್ತಾ ಹೋಗುತ್ತದೆ. ಹಾಗಾಗಿ ಆ ಕ್ಯಾನ್ ಬಿಸಾಡಬೇಡಿ.

*ಕೆಂಪು, ನೀಲಿ, ಹಳದಿ ಸಿಗಡಿ ಒಟ್ಟಿಗೆ ಬಿಟ್ಟೆ. ಮರಿಗಳೆಲ್ಲ ಕೆಸರಿನ ಬಣ್ಣ. ಮೋಸ ಹೋದೆನಾ?*

ಇಲ್ಲ. ಆ ಮೂರೂ ಒಂದೇ ಜಾತಿಯವು, ನಿಯೋಕಾರಿಡಿನಾ. ಬಣ್ಣ ಮನುಷ್ಯರು ಆರಿಸಿ ಆರಿಸಿ ತಂದದ್ದು. ಬೆರೆತರೆ ಕೆಲವು ತಲೆಮಾರಲ್ಲಿ ಹುಟ್ಟು ಬಣ್ಣ, ಅಂದರೆ ಕಂದು, ವಾಪಸ್ ಬರುತ್ತದೆ. ನನಗೇನೋ ಆ ಕಂದು ಸಿಗಡಿಯೇ ಚೆಂದ. ಮೀನಿನ ಕಣ್ಣಿಗೂ ಕಡಿಮೆ ಬೀಳುತ್ತದೆ.

*ಅಮಾನೋ ಸಿಗಡಿ ಮೂರು ಸಲ ಮೊಟ್ಟೆ ಹೊತ್ತಿತು. ಒಂದು ಮರಿಯೂ ಕಾಣಲಿಲ್ಲ. ಮೀನು ತಿಂದಿರಬೇಕು ಅಂತ ಮೀನುಗಳನ್ನೇ ಕೊಟ್ಟುಬಿಟ್ಟೆ. ಆದರೂ ಇಲ್ಲ.*

ಪಾಪ, ಮೀನುಗಳ ಮೇಲೆ ಸುಳ್ಳು ಆಪಾದನೆ! ಚೆರ್ರಿ ಸಿಗಡಿಯ ಮೊಟ್ಟೆಯಿಂದ ತಾಯಿಯ ಪಡಿಯಚ್ಚಿನಂಥ ಪುಟ್ಟ ಸಿಗಡಿಯೇ ಬರುತ್ತದೆ. ಅಮಾನೋ ಹಾಗಲ್ಲ. ಅದರ ಮೊಟ್ಟೆಯಿಂದ ನೀರಲ್ಲಿ ತೇಲುವ ಸಣ್ಣ ಲಾರ್ವಾ ಬರುತ್ತದೆ. ಪ್ರಕೃತಿಯಲ್ಲಿ ಅದು ಹೊಳೆಯ ನೀರಿನ ಜೊತೆ ಸಮುದ್ರದ ಕಡೆ ಹೋಗಿ, ಉಪ್ಪು ನೀರಲ್ಲಿ ಬೆಳೆದು, ಆಮೇಲೆ ಹೊಳೆಗೆ ಹತ್ತಿ ಬರುತ್ತದೆ. ನಿಮ್ಮ ಸಿಹಿ ನೀರಿನ ತೊಟ್ಟಿಯಲ್ಲಿ ಅದು ಕೆಲವೇ ದಿನ ಬದುಕುತ್ತದೆ. ಉಪ್ಪು ನೀರಿನ ಬೇರೆ ಪಾತ್ರೆ ಇಟ್ಟು ಸಾಕುವವರಿದ್ದಾರೆ. ನನಗೆ ಅಷ್ಟು ಸಹನೆ ಇಲ್ಲ.

ಈ ಸಿಗಡಿಗೆ ಆ ಹೆಸರು ಬಂದದ್ದು ಜಪಾನಿನ ತಕಾಶಿ ಅಮಾನೋ ಅವರಿಂದ. ಛಾಯಾಗ್ರಾಹಕರು, ಗಿಡಗಳ ಅಕ್ವೇರಿಯಂ ಮಾಡುವುದನ್ನು ಜಗತ್ತಿಗೆ ಕಲಿಸಿದವರು. 1980ರ ದಶಕದಲ್ಲಿ ಪಾಚಿ ತಿನ್ನಿಸಲು ಇದನ್ನು ಬಳಸಿ ಹೆಸರು ಮಾಡಿದರು. ಪಾಚಿ ತಿನ್ನುವುದರಲ್ಲಿ ಇದನ್ನು ಮೀರಿಸುವ ಸಿಗಡಿ ಇಲ್ಲ. ನಾಲ್ಕೈದು ಸೆಂಟಿಮೀಟರ್ ಬೆಳೆಯುವುದರಿಂದ ಸಣ್ಣ ಮೀನುಗಳ ಬಾಯಿಗೂ ಹಿಡಿಸುವುದಿಲ್ಲ. ಮರಿ ಬೇಡ, ಮೀನಿನ ಜೊತೆ ಸಿಗಡಿ ಮಾತ್ರ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಕೊಟ್ಟ ಮೀನು ವಾಪಸ್ ಸಿಗುತ್ತಾ ಕೇಳಿ ನೋಡಿ.

*ಬೆಳಿಗ್ಗೆ ಎದ್ದು ನೋಡಿದರೆ ಆರು ಸಿಗಡಿ ಸೇರಿ ನನ್ನ ಟೆಟ್ರಾವನ್ನು ತಿನ್ನುತ್ತಿದ್ದವು. ಇಂಥ ಕೊಲೆಗಡುಕರನ್ನು ಸಾಕಲು ಹೇಳಿದ್ದು ನೀವೇ!*

ಕೊಲೆ ನೋಡಿದಿರಾ, ತಿಥಿ ಊಟ ನೋಡಿದಿರಾ? ಚೆರ್ರಿ ಸಿಗಡಿಯ ಚಿಮುಟಗಳು ಪಾಚಿ ಕೆರೆಯಲು ಮಾತ್ರ ಆಗುತ್ತವೆ. ಜೀವ ಇರುವ, ಈಜುವ ಮೀನನ್ನು ಅವು ಹಿಡಿಯಲಾರವು. ನಿಮ್ಮ ಟೆಟ್ರಾ ರಾತ್ರಿಯೇ ಸತ್ತಿತ್ತು, ಇವು ಸಿಕ್ಕಿದ್ದನ್ನು ಚೊಕ್ಕಟ ಮಾಡುತ್ತಿದ್ದವು. ಅದು ಯಾಕೆ ಸತ್ತಿತು ಅನ್ನುವುದು ನಿಜವಾದ ಪ್ರಶ್ನೆ. ಇವತ್ತೇ ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿ. ಎರಡು ದಿನ ಆಹಾರ ಹಾಕಬೇಡಿ. ಉಳಿದ ಟೆಟ್ರಾಗಳ ಮೈ ಮೇಲೆ ಚುಕ್ಕಿ, ಹರಿದ ರೆಕ್ಕೆ ಇದೆಯಾ ನೋಡಿ. ಚುಕ್ಕಿ ಕಂಡರೆ ಔಷಧಿ ಹಾಕುವ ಮುಂಚೆ ಮೇಲಿನ ಮೂರನೇ ಉತ್ತರ ಓದಿ. ಆ ಆರು ಜನ ನಿರಪರಾಧಿಗಳು, ಅವರಿಗೆ ಏನೂ ಆಗಬಾರದು.